ಟೆನಿಸ್‌ನಾಗ 15, 30 ಆದ್ಮ್ಯಾಲ 40 ಯಾಕ? ಈ ಲೆಕ್ಕ ತಿಳೀವಲ್ದು

ಬಳ್ಳಾರಿ ಅಪ್ಪ:
ಎಲ್ಲಾರಿಗೂ ನಮಸ್ಕಾರ್ರಿ. ನನ್ ಮಗಳಿಗೆ 8 ವರ್ಷ, ಬೋಪಣ್ಣ ಆಡೋ ವಿಡಿಯೋ ನೋಡಿ ನಾನೂ ಟೆನಿಸ್ ಕಲೀತೀನಿ ಅಂತ ಹಟ ಹಿಡಿದಾಳ. ನಾ ಸಣ್ಣಾವಿದ್ದಾಗಿಂದ ಕೌಲ್ ಬಜಾರ್ ಗಲ್ಲಿಯಾಗ ಟೆನಿಸ್ ಬಾಲ್ ಹಿಡ್ಕೊಂಡು ಕ್ರಿಕೆಟ್ ಆಡೀನೇ ಹೊರತು ಟೆನಿಸ್‌ನ ಗಂಧಗಾಳಿ ಗೊತ್ತಿಲ್ಲ. ಅಕಿ ಕೇಳ್ತಾಳ, ಅಪ್ಪಾ 15 ಆತು 30 ಆತು ಮುಂದ 45 ಬರ್ಬೇಕಲ್ಲ, 40 ಯಾಕ ಅಂತ. ಏನ್ ಹೇಳ್ಲಿ? ಮತ್ತ ನಮ್ಮೂರ ಬಿಸಿಲಿನಾಗ ಇದನ್ನ ಕಲಿಸೋದು ಆಗೋ ಮಾತಾ?

ರಾಯಚೂರು ಬಿಸಿಲು:
ಮಗಳು ಕೇಳಿದ್ದು ಖರೇನೇ ಅದ ಅಣ್ಣ, ಮೊದ್ಲು 45 ಅಂತಲೇ ಇತ್ತು, ಕೂಗಿ ಹೇಳೋರ ಬಾಯಾಗ ಸವೆದು 40 ಆಯ್ತು ಅಂತಾರ. ಗಡಿಯಾರದ ಮುಳ್ಳು ನೋಡಿ ಲೆಕ್ಕ ಇಟ್ರು ಅಂತ ವಾಟ್ಸಾಪ್‌ನಾಗ ಬರ್ತದ, ನಾ ನಂಬಂಗಿಲ್ಲ, ಆ ಕಾಲದ ಗಡಿಯಾರಕ್ಕ ನಿಮಿಷದ ಮುಳ್ಳೇ ಅಪರೂಪ.
ಮೊದಲ್ನೇ ಪಾಯಿಂಟಿಗೆ 15, ಎರಡನೇದಕ್ಕ 30, ಮೂರನೇದಕ್ಕ 40 ಅಂತಾರ, ನಾಲ್ಕು ಪಾಯಿಂಟಿಗೆ ಒಂದು ಗೇಮ್, 40-40 ಆದ್ರ ಡ್ಯೂಸ್, ಆಮ್ಯಾಲ ಸಾಲಾಗಿ ಎರಡು ಪಾಯಿಂಟ್ ಹೊಡೀಬೇಕು. ಆರು ಗೇಮಿಗೆ ಒಂದು ಸೆಟ್, ಎರಡು ಗೇಮಿನ ಅಂತರ ಇರ್ಬೇಕು, 6-6 ಆದ್ರ ಟೈಬ್ರೇಕ್, ಅಂದ್ರ ಸೆಟ್ ಯಾರದು ಅಂತ ತೀರ್ಮಾನ ಮಾಡೋ ಒಂದು ಕಡೀ ಗೇಮ್. ಮಜಾ ಇರೋದು ಇಲ್ಲಿ ನೋಡ್ರಿ, ಗೇಮ್ ಮುಗೀತು ಅಂದ್ರ ಮತ್ತ ಸೊನ್ನಿಯಿಂದ ಶುರು, ಹಳೇ ಪಾಯಿಂಟ್ ಲೆಕ್ಕಕ್ಕಿಲ್ಲ, ಹೆಚ್ಚು ಸೆಟ್ ಗೆದ್ದಾವ್ರೇ ಮ್ಯಾಚ್ ಗೆಲ್ಲೋದು. 2019ರ ವಿಂಬಲ್ಡನ್ ಫೈನಲ್‌ನಾಗ ಫೆಡರರ್ 218 ಪಾಯಿಂಟ್ ಗೆದ್ದ, ಜೋಕೊವಿಚ್ 204, ಕಪ್ ಒಯ್ದಾವ ಜೋಕೊವಿಚ್! ಮೂರೂ ಟೈಬ್ರೇಕ್ ಅವನೇ ಹೊಡ್ಕೊಂಡ. ಮಳಿ ಬಂದು ಲೆಕ್ಕ ಬದಲಾದ್ದು ಬಿಟ್ರ, ಕ್ರಿಕೆಟ್‌ನಾಗ ಹೆಚ್ಚು ರನ್ ಮಾಡಿ ಸೋತವ್ರನ್ನ ಎಲ್ಲೆರ ನೋಡೀರೇನು.

ಕೊಪ್ಪಳ ಕೋಟೆ:
ಮ್ಯಾಲಿನವ್ರು ಹೇಳಿದ ಲೆಕ್ಕ ವಿಂಬಲ್ಡನ್‌ಗಿಂತ ಭಾಳ ಹಳೇದೈತಿ. ಫ್ರಾನ್ಸ್‌ನಾಗ ಮಠದ ಸನ್ಯಾಸಿಗಳು ಬರೇ ಅಂಗೈಲೆ ಚೆಂಡು ಬಡೀತಿದ್ರು, ಬ್ಯಾಟು ಆಮ್ಯಾಲ ಬಂತು, ರಾಜರು ನಾಲ್ಕು ಗೋಡಿ ಒಳಗ ಆಡ್ತಿದ್ರು. ಆಗಿನ ಚೆಂಡು ಹುಲ್ಲಿನ ಮ್ಯಾಲ ಪುಟೀತಿದ್ದಿಲ್ಲ. 19ನೇ ಶತಮಾನದಾಗ ಗಟ್ಟಿ ಮಾಡಿದ ರಬ್ಬರ್ ಬಂತು, ಹುಲ್ಲು ಕತ್ತರಿಸೋ ಮಷೀನೂ ಬಂತು, ಆಟ ಅಂಗಳಕ್ಕ ಇಳೀತು. 1874ರಾಗ ಮೇಜರ್ ವಿಂಗ್‌ಫೀಲ್ಡ್ ಅನ್ನೋ ಬ್ರಿಟನ್ನಿನಾವ ಪೇಟೆಂಟ್ ತಗೊಂಡು ನೆಟ್ಟು, ರಾಕೆಟ್ಟು, ಚೆಂಡು ಎಲ್ಲಾ ಒಂದು ಪೆಟ್ಟಿಗಿಯಾಗ ಹಾಕಿ ಮಾರಾಕ ಹತ್ತಿದ, ಅವನ ಕೋರ್ಟ್ ನಡುವಿನಾಗ ಸಣ್ಣ, ಡಮರುಗದ ಆಕಾರ. 1877ರಾಗ ವಿಂಬಲ್ಡನ್ ಶುರುವಾದಾಗ ಅದನ್ನ ಬಿಟ್ಟು 78 ಅಡಿ ಉದ್ದ 27 ಅಡಿ ಅಗಲ ಅಂತ ಮಾಡಿದ್ರು, ಸಿಂಗಲ್ಸ್‌ಗೆ ಇವತ್ತಿಗೂ ಅದೇ ಅಳತಿ.

ಗಂಗಾವತಿ ಮಾಸ್ತರ್:
ಇತಿಹಾಸ ಇರ್ಲಿ ಬಿಡ್ರಿ, ಆ ಕೂಸಿನ ಕೈಗೆ ಏನ್ ಕೊಡ್ಬೇಕು ಅದನ್ನ ಹೇಳ್ರಿ ಮೊದ್ಲು. ದೊಡ್ಡವ್ರ ರಾಕೆಟ್ 27 ಇಂಚು, ಅಕಿಗೆ ಎತ್ತರ ನೋಡ್ಕೊಂಡು 23 ಇಲ್ಲಾ 25 ಇಂಚಿಂದು ತರ್ರಿ. ಗಲ್ಲಿ ಕ್ರಿಕೆಟ್ಟಿನ ಹೆವಿ ಬಾಲ್ ಮಾತ್ರ ಬ್ಯಾಡೇ ಬ್ಯಾಡ, ಮೊಣಕೈ ಹೋಗ್ತೈತಿ. ಮಕ್ಕಳಿಗಂತ ಕೆಂಪು, ಕಿತ್ತಳೆ, ಹಸಿರು ಗುರ್ತಿನ ಚೆಂಡು ಬರ್ತಾವ, ಕೆಂಪಿನ್ದು ಎಲ್ಲಾಕ್ಕಿಂತ ಮೆತ್ತಗ, ನಿಧಾನ ಬರ್ತೈತಿ, ಎದಿ ಮಟ್ಟಕ್ಕ ಪುಟ್ಯಾಕಿಲ್ಲ, ಹಂಗಾಗಿ ಕೂಸು ಹೆದ್ರಂಗಿಲ್ಲ. ಕೋರ್ಟ್ ಇಲ್ಲಾಂದ್ರ ಗೋಡಿಗೆ 3 ಅಡಿ ಎತ್ತರದಾಗ ಸುಣ್ಣದ ಗೆರಿ ಎಳೀರಿ, ನೆಟ್ಟು ನಡುವ ಅಷ್ಟೇ ಎತ್ತರ ಇರ್ತೈತಿ, ಅದರ ಮ್ಯಾಲ ಬಡೀಲಿ. ಬಿಸಿಲಿಗೆ ಅಂಜಬ್ಯಾಡ್ರಿ, ಏಪ್ರಿಲ್ ಮೇದಾಗ ಬೆಳಿಗ್ಗೆ ಏಳೂವರಿ ಒಳಗ ಮುಗಿಸ್ರಿ ಸಾಕು.

ಬಳ್ಳಾರಿ ಅಪ್ಪ:
ಥ್ಯಾಂಕ್ಸ್ ರೀ ಎಲ್ಲಾರಿಗೂ. 218 ಗೆದ್ದಾವ ಸೋತ ಅಂದಿದ್ಕ ಇದು ಮೋಸ ಅಂತ ಜಗಳಾ ತಗದಾಳ. ಮಾಸ್ತರ್, ಸರ್ವಿಸ್, ಅಂದ್ರ ಪಾಯಿಂಟ್ ಶುರು ಮಾಡೋ ಹೊಡ್ತ, ಎರಡು ಸಲ ಯಾಕ ಕೊಡ್ತಾರ?

ಗಂಗಾವತಿ ಮಾಸ್ತರ್:
ಒಂದು ಸಲ ತಪ್ಪಿದ್ರ ಇನ್ನೊಂದು ಚಾನ್ಸ್, ಅದೂ ತಪ್ಪಿದ್ರ ಡಬಲ್ ಫಾಲ್ಟ್, ಪಾಯಿಂಟ್ ಎದುರಿನವ್ರಿಗೆ. ಅದಕ್ಕ ಮೊದಲ್ನೇದು ಜೋರ್ ಹೊಡೀತಾರ, ಎರಡನೇದು ಸ್ಪಿನ್ ಹಾಕಿ ಹುಷಾರಾಗಿ. ನಿಮ್ಮಾಕಿಗೆ ಮೊದ್ಲು ಕೆಳಗಿಂದ ಹಾಕ್ಸ್ರಿ, ರೂಲ್ಸ್‌ನಾಗ ಅದೂ ನಡೀತೈತಿ.