ಬೇಸ್ ಗಿಟಾರ್ ನೆಕ್‌ಗೆ ಎಣ್ಣೆ ಹಚ್ಚಿ 9 ದಿನ ಆಯ್ತು, ಇನ್ನೂ ಅಂಟು ಅಂಟು. ಸ್ಟೇನ್ ಬೇರೆ ಕಲೆ ಕಲೆ

ದಪ್ಪತಂತಿ, ಉಡುಪಿ
ಜುಲೈ 14

ತಲೆ ಕೆಟ್ಟು ಹೋಗಿದೆ ಮಾರಾಯ್ರೇ. ಸೆಕೆಂಡ್ ಹ್ಯಾಂಡ್ ಬೇಸ್ ತಗೊಂಡಿದ್ದೆ. ನೆಕ್ ಸತ್ತ ಮೀನಿನ ಹೊಟ್ಟೆ ಹಾಗೆ ಬೆಳ್ಳಗಿತ್ತು. ವಾಲ್‌ನಟ್ ಬಣ್ಣ ಮಾಡೋಣ ಅಂತ ನೆಕ್ ಬಿಚ್ಚಿ, ಸ್ಯಾಂಡ್ ಮಾಡಿ, ಸ್ಟೇನ್ ಹಚ್ಚಿ, ಮೇಲೆ ಎಣ್ಣೆ 4 ಕೋಟ್ ಕೊಟ್ಟೆ. ಎಲ್ಲ ವಿಡಿಯೊದಲ್ಲಿ ತೋರಿಸಿದ ಹಾಗೇ ಮಾಡಿದ್ದೇನೆ.

ಈಗ ಹೆಬ್ಬೆರಳು ಇಟ್ಟರೆ ಹಲಸಿನ ಮೇಣ ಮುಟ್ಟಿದ ಹಾಗೆ ಆಗುತ್ತೆ. ಸ್ಟೇನ್ ಕೂಡ ಒಂದು ಕಡೆ ಕಪ್ಪು, ಒಂದು ಕಡೆ ಹಳದಿ. ಹೀಲ್ (ನೆಕ್ ಬುಡ) ಹತ್ತಿರ ಬಣ್ಣವೇ ಹಿಡಿದಿಲ್ಲ. ಚೌತಿಗೆ ಆರ್ಕೆಸ್ಟ್ರಾ ಒಪ್ಪಿಕೊಂಡಿದ್ದೇನೆ. ಬೇರೆ ಬೇಸ್ ಇಲ್ಲ. ಏನು ಮಾಡಲಿ?

ಬಡಗಿಮನೆ, ಶಿರಸಿ
ಜುಲೈ 14

ಕಾರಣ ಒಂದೇ, ಮಳೆಗಾಲ. ಆಷಾಢದಲ್ಲಿ ನಮ್ಮ ಮನೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತೆ. ನೀವು ಕರಾವಳಿಯಲ್ಲಿ ಕೂತು ಎಣ್ಣೆ ಒಣಗಲಿ ಅಂದರೆ ಹೇಗೆ? ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ನೆಕ್ ತೂಗುಹಾಕಿ, ಒಳಗೆ ಒಂದು 40 ವ್ಯಾಟ್ ಹಳೇ ಬಲ್ಬ್ ಇಡಿ. ರಟ್ಟಿಗೂ ನೆಕ್‌ಗೂ ತಾಗದ ಹಾಗೆ. 3 ದಿನದಲ್ಲಿ ಸರಿಹೋಗುತ್ತೆ.

ಫ್ರೆಟ್‌ಲೆಸ್_ಧಾರವಾಡ
ಜುಲೈ 14

ತಡೀರಿ. ಮರ ಯಾವುದು? ಸ್ಟೇನ್ ನೀರಿನದಾ, ಸ್ಪಿರಿಟ್ಟಿನದಾ, ಟರ್ಪೆಂಟೈನ್ ಬೆರೆಸೋದಾ? ಕೊನೆಗೆ ಎಷ್ಟನೇ ನಂಬರಿನ ಸ್ಯಾಂಡ್ ಪೇಪರ್ ಹಾಕಿದಿರಿ?

ಟ್ಯೂಬ್‌ಆಂಪ್_ಜಯನಗರ
ಜುಲೈ 14

ಎಣ್ಣೆ ಅಂದರೆ ಟ್ರೂ ಆಯಿಲ್ ತಾನೇ ಗುರು?

ದಪ್ಪತಂತಿ, ಉಡುಪಿ
ಜುಲೈ 15

ಹೌದು, ಪಕ್ಕಾ ಶುದ್ಧ ಎಣ್ಣೆ, ಏನೂ ಬೆರಕೆ ಇಲ್ಲ. ಸ್ಟೇನ್ ಬ್ರೌನ್. ಮರ ಮೇಪಲ್ ಇರಬೇಕು. ಬೋರ್ಡ್ (ಬೆರಳು ಒತ್ತೋ ಪಟ್ಟಿ) ಬೀಟೆ, ಅದಕ್ಕೆ ಟೇಪ್ ಅಂಟಿಸಿದ್ದೆ. ಪೇಪರ್ 600, ಗಾಜಿನ ಹಾಗೆ ನಯ ಮಾಡಿದ್ದೆ.

ಬಲ್ಬಿನ ಪೆಟ್ಟಿಗೆ ರೆಡಿ ಮಾಡಿದೆ. ಫ್ರಿಜ್ ಬಂದ ಪೆಟ್ಟಿಗೆ ಇನ್ನೂ ಇತ್ತು.

ಟ್ಯೂಬ್‌ಆಂಪ್_ಜಯನಗರ
ಜುಲೈ 15

ಟ್ರೂ ಆಯಿಲ್ 9 ದಿನ ಅಂಟೋದೇ ಇಲ್ಲ. ಬಂದೂಕಿನ ಹಿಡಿಗೆ ಅಂತ ಮಾಡಿದ ಎಣ್ಣೆ ಅದು, ತೆಳ್ಳಗೆ ಹಚ್ಚಿದರೆ ಕೆಲವೇ ಗಂಟೆಯಲ್ಲಿ ಮುಟ್ಟಬಹುದು. ಕೋಟ್ ದಪ್ಪ ಆಗಿರಬೇಕು. ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗೇ ಉಳಿದಿದೆ.

ಫ್ರೆಟ್‌ಲೆಸ್_ಧಾರವಾಡ
ಜುಲೈ 15

ಕಲೆಗೆ ಉತ್ತರ ನೀವೇ ಕೊಟ್ಟಿರಿ. ಮೇಪಲ್ ಮೊದಲೇ ಬಿಗಿಯಾದ ಮರ. 600 ಹಾಕಿದರೆ ಮೈ ಮುಚ್ಚಿಕೊಳ್ಳುತ್ತೆ, ಬಣ್ಣ ಕೂರೋಕೆ ಜಾಗ ಇರಲ್ಲ. ಸ್ಟೇನ್‌ಗೆ ಮುಂಚೆ 180 ಅಥವಾ 220ಕ್ಕೆ ನಿಲ್ಲಿಸಬೇಕು. ನಯ ಬೇಕಿದ್ದರೆ ಎಣ್ಣೆ ಹಾಕುವಾಗ ಮಾಡಿಕೊಳ್ಳಬಹುದು. ಹೀಲ್ ಹತ್ತಿರ ಬಣ್ಣ ಹಿಡಿದಿಲ್ಲ ಅಂದರೆ ಅಲ್ಲಿ ಫ್ಯಾಕ್ಟರಿ ಕೋಟಿಂಗ್ ಇನ್ನೂ ಉಳಿದಿದೆ. ಒಂದು ಹನಿ ನೀರು ಬಿಟ್ಟು ನೋಡಿ. ಗುಂಡಗೆ ನಿಂತರೆ ಕೋಟಿಂಗ್, ಹೀರಿಕೊಂಡರೆ ಮರ.

ಬಡಗಿಮನೆ, ಶಿರಸಿ
ಜುಲೈ 15

ಎಣ್ಣೆ ಹಚ್ಚಿದ ಮೇಲೆ ನೀರು ಎಲ್ಲ ಕಡೆ ಗುಂಡಗೇ ನಿಲ್ಲುತ್ತೆ ಸ್ವಾಮಿ. ಎಣ್ಣೆಯ ಮೇಲೆ ನೀರಿನ ಪರೀಕ್ಷೆ ಯಾರಾದರೂ ಮಾಡ್ತಾರಾ?

ಫ್ರೆಟ್‌ಲೆಸ್_ಧಾರವಾಡ
ಜುಲೈ 15

ಸರಿ, ಅದು ನನ್ನ ತಪ್ಪು. ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆದು ನೋಡಿ. ಬಿಳಿ ಪುಡಿ ಬಂದರೆ ಪಾಲಿಯುರೆಥೇನ್, ಸಣ್ಣ ಹೊಟ್ಟು ಬಂದರೆ ಮರ. ಆದರೆ ಬಲ್ಬಿನ ಪೆಟ್ಟಿಗೆಯಿಂದ ಕಲೆ ಹೋಗುತ್ತೆ ಅಂತ ಮಾತ್ರ ಹೇಳಬೇಡಿ.

ಬಡಗಿಮನೆ, ಶಿರಸಿ
ಜುಲೈ 15

ಕಲೆ ಹೋಗುತ್ತೆ ಅಂತ ನಾನೆಲ್ಲಿ ಹೇಳಿದೆ? ಅಂಟು ಹೋಗುತ್ತೆ ಅಂದೆ. ನಮ್ಮ ಅಪ್ಪ 40 ವರ್ಷ ಮರಗೆಲಸ ಮಾಡಿದವರು.

ಗಜ್ಜುಗ
ಜುಲೈ 16

ಸ್ಟೇನ್ ತಗೊಳ್ಳೋದೇ ಯಾಕೆ? ಚನ್ನಪಟ್ಟಣದವರ ಹಾಗೆ ಅರಗು ಹಾಕಿ. ನೂರಾರು ವರ್ಷದ ವಿದ್ಯೆ. ಹೊಳಪು, ಬಣ್ಣ ಎರಡೂ ಒಟ್ಟಿಗೆ ಬರುತ್ತೆ.

ಫ್ರೆಟ್‌ಲೆಸ್_ಧಾರವಾಡ
ಜುಲೈ 16

ಚನ್ನಪಟ್ಟಣದಲ್ಲಿ ಹಾಲೆ ಮರ ಲೇತ್‌ನಲ್ಲಿ ತಿರುಗುತ್ತಿರುತ್ತೆ. ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಕರಗಿ ಹಿಡಿಯುತ್ತೆ. 34 ಇಂಚು ಸ್ಕೇಲಿನ ಬೇಸ್ ನೆಕ್ ಹಾಗೆ ತಿರುಗಿಸಿದರೆ ಮೊದಲು ಹೆಡ್‌ಸ್ಟಾಕ್ (ತಂತಿ ಬಿಗಿಸೋ ತುದಿ) ಬಂದು ನಮ್ಮ ಮುಖಕ್ಕೇ ಬಡಿಯುತ್ತೆ.

ಅರಗಿನ ಮಾತು ಬಂದಿದ್ದು ಒಳ್ಳೆಯದೇ ಆಯ್ತು. ಮೇಣ ತೆಗೆದ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ತುಂಬಾ ತೆಳ್ಳಗೆ ಕರಗಿಸಿ, ಸ್ಟೇನ್‌ಗೆ ಮುಂಚೆ ಒಂದು ಕೈ ಹಚ್ಚಿ, ಒಣಗಿದ ಮೇಲೆ ಹಗುರಾಗಿ ಸ್ಯಾಂಡ್ ಮಾಡಿದರೆ ಮೇಪಲ್ ಮೇಲೆ ಕಲೆ ಕಡಿಮೆ ಆಗುತ್ತೆ. ಬಣ್ಣ ಸ್ವಲ್ಪ ತಿಳಿಯಾಗಿ ಬರುತ್ತೆ ಅಷ್ಟೇ. ಸ್ಪಿರಿಟ್ ಸ್ಟೇನ್ ಆದರೆ ಅದು ಅರಗನ್ನೇ ಕರಗಿಸುತ್ತೆ, ಆಗ ಈ ಉಪಾಯ ಬೇಡ.

ಟ್ಯೂಬ್‌ಆಂಪ್_ಜಯನಗರ
ಜುಲೈ 16

ನನ್ನ ಕೇಳಿದರೆ ಮೇಪಲ್‌ಗೆ ಬಣ್ಣ ಹಚ್ಚೋದೇ ಪಾಪ. ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್ ನೆಕ್ ನೋಡಿ, ಬರೀ ಎಣ್ಣೆ ಮತ್ತು ಮೇಣ. ನನ್ನ ಹತ್ತಿರ 5 ತಂತಿಯದು ಒಂದಿದೆ. ಕೈ ಬೆವೆತರೂ ಜಾರುತ್ತಲೇ ಇರುತ್ತೆ. ಅದನ್ನ 410 ಕ್ಯಾಬಿನೆಟ್‌ಗೆ (10 ಇಂಚಿನ 4 ಸ್ಪೀಕರ್ ಇರೋ ಪೆಟ್ಟಿಗೆ) ಹಾಕಿ ಕೆಳಗಿನ ಬಿ ತಂತಿ ಮೀಟಿದರೆ 31 ಹರ್ಟ್ಜ್, ಪಕ್ಕದ ಮನೆಯ ಸ್ಟೀಲ್ ಲೋಟ ಸ್ಟ್ಯಾಂಡಿನಲ್ಲೇ ಮಾತಾಡುತ್ತವೆ.

ಗಜ್ಜುಗ
ಜುಲೈ 16

410 ಕ್ಯಾಬಿನೆಟ್‌ನಲ್ಲಿ 31 ಹರ್ಟ್ಜ್ ಎಲ್ಲಿ ಕೇಳುತ್ತೆ? ನಿಮಗೆ ಕೇಳ್ತಿರೋದು ಅದರ ಡಬಲ್, 62.

ಟ್ಯೂಬ್‌ಆಂಪ್_ಜಯನಗರ
ಜುಲೈ 16

ಲೋಟಕ್ಕೆ ಅದೆಲ್ಲ ಗೊತ್ತಿಲ್ಲ ಗುರು.

ದಪ್ಪತಂತಿ, ಉಡುಪಿ
ಜುಲೈ 25

10 ದಿನ ಬಲ್ಬಿನ ಪೆಟ್ಟಿಗೆಯಲ್ಲಿ ಇಟ್ಟೆ. ಮೊದಲು ಜೇನಿನ ಹಾಗಿತ್ತು, ಈಗ ಬೆಲ್ಲದ ಪಾಕದ ಹಾಗಿದೆ. ಉಗುರಿನ ಗುರುತು ಬೀಳುತ್ತೆ. ಸೊಳ್ಳೆ ಒಂದು ಬಂದು ಕೂತು ಅಲ್ಲೇ ಉಳಿದಿದೆ. ಹೀಲ್ ಹತ್ತಿರ ಕೆರೆದೆ, ಬಿಳಿ ಪುಡಿ ಬಂತು.

ಬಡಗಿಮನೆ, ಶಿರಸಿ
ಜುಲೈ 25

60 ವ್ಯಾಟ್ ಹಾಕಿ ನೋಡಿ.

ಹಳೇಬೇಸ್
ಜುಲೈ 26

ಈಗ ಓದಿದೆ. ದಪ್ಪತಂತಿಯವರೇ, ಎಣ್ಣೆ ಬಾಟಲಿಯ ಫೋಟೊ ಹಾಕಿ. ನಿಮಗೂ ಜಯನಗರದವರಿಗೂ ಒಂದೇ ಎಣ್ಣೆ ಕಾಣ್ತಿಲ್ಲ ಅನಿಸುತ್ತೆ.

ದಪ್ಪತಂತಿ, ಉಡುಪಿ
ಜುಲೈ 26

ಫೋಟೊ ಅಪ್‌ಲೋಡ್ ಆಗ್ತಿಲ್ಲ, ಲೇಬಲ್ ನೋಡಿ ಬರೆಯುತ್ತೇನೆ. "ಮರದ ಗಾಣದ ಶುದ್ಧ ಅಗಸೆ ಎಣ್ಣೆ. ವಿಟಮಿನ್ ಇ ಸೇರಿಸಲಾಗಿದೆ. ದಿನಕ್ಕೆ 2 ಚಮಚ." ಅಮ್ಮನದು. ವಿಡಿಯೊದಲ್ಲಿ ಲಿನ್‌ಸೀಡ್ ಅಂದ್ರು, ಲಿನ್‌ಸೀಡ್ ಅಂದರೆ ಅಗಸೆ ಅಲ್ವಾ?

ಟ್ಯೂಬ್‌ಆಂಪ್_ಜಯನಗರ
ಜುಲೈ 26

ಟ್ರೂ ಆಯಿಲ್ ಅಂದ್ರಲ್ಲ!

ದಪ್ಪತಂತಿ, ಉಡುಪಿ
ಜುಲೈ 26

ಶುದ್ಧವಾ ಅಂತ ಕೇಳಿದಿರಿ ಅಂದುಕೊಂಡೆ.

ಹಳೇಬೇಸ್
ಜುಲೈ 26

ಅಗಸೆಯೇ ಲಿನ್‌ಸೀಡ್, ಅದರಲ್ಲಿ ತಪ್ಪಿಲ್ಲ. ಆದರೆ ಈ ಎಣ್ಣೆ ಥಿನ್ನರ್ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಎಳೆದುಕೊಂಡು ಗಟ್ಟಿ ಆಗುತ್ತೆ. ಹಸಿ ಅಗಸೆ ಎಣ್ಣೆಗೆ ಅದಕ್ಕೇ ವಾರಗಟ್ಟಲೆ ಬೇಕು. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್‌ಸೀಡ್‌ನಲ್ಲಿ ಬೇಗ ಒಣಗಲಿ ಅಂತ ಲೋಹದ ಡ್ರೈಯರ್ ಬೆರೆಸಿರುತ್ತಾರೆ (ಅದನ್ನು ಅಡುಗೆಮನೆಗೆ ತರಬೇಡಿ). ನಿಮ್ಮ ಬಾಟಲಿಯದು ಉಲ್ಟಾ. ವಿಟಮಿನ್ ಇ ಹಾಕೋದೇ ಎಣ್ಣೆ ಗಾಳಿಗೆ ಕೆಡದಿರಲಿ ಅಂತ. ತಿನ್ನೋ ಎಣ್ಣೆ ಕೆಡೋದು, ನೆಕ್ ಮೇಲೆ ಎಣ್ಣೆ ಗಟ್ಟಿ ಆಗೋದು, ಎರಡಕ್ಕೂ ಮೊದಲು ನಡೆಯೋದು ಗಾಳಿಯ ಜೊತೆಗಿನ ಅದೇ ಕೆಲಸ. ಅದನ್ನೇ ತಡೆದು, ಮೇಲೆ 4 ಕೋಟ್ ಕೊಟ್ಟಿದ್ದೀರಿ.

ಒಂದು ಮಾತು ಈಗಲೇ ಹೇಳಿ. ಎಣ್ಣೆ ಒರೆಸಿದ ಬಟ್ಟೆ ಎಲ್ಲಿದೆ?

ದಪ್ಪತಂತಿ, ಉಡುಪಿ
ಜುಲೈ 26

ಪ್ಲಾಸ್ಟಿಕ್ ಕವರಿನಲ್ಲಿ ಮುದ್ದೆ ಮಾಡಿ ಬಚ್ಚಲ ಒಲೆ ಹತ್ತಿರ. ಯಾಕೆ?

ಹಳೇಬೇಸ್
ಜುಲೈ 26

ಈಗಲೇ ಎದ್ದು ಹೋಗಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿದ್ದರೆ ಒಳಗೇ ಬಿಸಿಯೇರಿ ತಾನಾಗೇ ಹೊತ್ತಿಕೊಳ್ಳಬಹುದು. ಬಾಯ್ಲ್ಡ್ ಎಣ್ಣೆಯದು ಇನ್ನೂ ಬೇಗ. ನಾನು ಕೆಲಸ ಕಲಿತ ಶೆಡ್ಡಿನಲ್ಲಿ ಹೊಟ್ಟಿನ ಮೂಟೆ ಮೇಲೆ ಬಿಸಾಡಿದ ಬಟ್ಟೆ ಸಂಜೆ ಹೊತ್ತಿಗೆ ಹೊಗೆ ಬಿಟ್ಟಿತ್ತು. ಮುಂದೆಯೂ ಅಷ್ಟೇ, ಒಂದೊಂದೇ ಬಿಡಿಸಿ ಹೊರಗೆ ತಂತಿ ಮೇಲೆ ಹರವಿ ಒಣಗಿಸಿ.

ದಪ್ಪತಂತಿ, ಉಡುಪಿ
ಜುಲೈ 26

ಹಾಕಿದೆ. ಕೈ ನಡುಗ್ತಾ ಇದೆ.

ಬಡಗಿಮನೆ, ಶಿರಸಿ
ಜುಲೈ 26

ಬಟ್ಟೆಯ ವಿಷಯ ಸರಿ. ಆದರೂ ಕ್ರಿಕೆಟ್ ಬ್ಯಾಟಿಗೆ ಹಸಿ ಲಿನ್‌ಸೀಡ್ ಎಣ್ಣೆಯನ್ನೇ ಹಚ್ಚೋದು. ಅದು ಒಣಗಲ್ವಾ? ಇಲ್ಲಿ ಮಳೆಯ ಪಾತ್ರವೂ ಇದೆ.

ಹಳೇಬೇಸ್
ಜುಲೈ 26

ಇದೆ, ಇಲ್ಲ ಅನ್ನಲ್ಲ. ಬ್ಯಾಟಿನ ವಿಲೋ ಮೆತ್ತನೆ ಮರ, ಕುಡಿಯುತ್ತೆ. ಅದಕ್ಕೂ ತೆಳ್ಳಗೆ ಒಂದೆರಡು ಕೈ ಅಷ್ಟೇ. ಮತ್ತೆ ಬ್ಯಾಟಿನ ಮೇಲೆ ಯಾರೂ ಹೆಬ್ಬೆರಳು ಜಾರಿಸಲ್ಲ.

ದಪ್ಪತಂತಿಯವರೇ, ಇನ್ನು ಕಾಯಬೇಡಿ. ಕಿಟಕಿ ತೆಗೆದು, ಒಲೆಯಿಂದ ದೂರ ಕೂತು, ಟರ್ಪೆಂಟೈನ್‌ನಲ್ಲಿ ಅದ್ದಿದ ಹಸಿರು ಸ್ಕ್ರಬ್ಬರ್‌ನಿಂದ ಅಂಟು ತೆಗೆಯಿರಿ. ಬಟ್ಟೆ ಬದಲಾಯಿಸುತ್ತಾ 3-4 ಸಲ ಒರೆಸಿ. 2 ದಿನ ಬಿಡಿ. ಆಮೇಲೆ ಹೀಲ್‌ನ ಕೋಟಿಂಗ್ ಪೂರ್ತಿ ತೆಗೆದು, ಇಡೀ ನೆಕ್ 180, 220 ಹಾಕಿ. ನೆಕ್ ಗಿಟಾರಿನ ಬಾಡಿಯೊಳಗೆ ಕೂರುವ ಜಾಗ ಮುಟ್ಟಬೇಡಿ, ಅಲ್ಲಿ ಮರ ಸವೆದರೆ ಕೋನ ಬದಲಾಗುತ್ತೆ. ಸ್ಟೇನ್ ಹಚ್ಚಿ ಒಂದು ದಿನ ಬಿಡಿ. ಆಮೇಲೆ ಬಾಯ್ಲ್ಡ್ ಅಥವಾ ಟ್ರೂ ಆಯಿಲ್, 4 ಹನಿ ಬೆರಳಲ್ಲಿ ಉಜ್ಜಿ, 10 ನಿಮಿಷಕ್ಕೆ ಉಳಿದದ್ದೆಲ್ಲ ಒರೆಸಿ ತೆಗೆದುಬಿಡಿ. ದಿನಕ್ಕೆ ಒಂದೇ ಕೋಟ್.

ದಪ್ಪತಂತಿ, ಉಡುಪಿ
ಆಗಸ್ಟ್ 6

ಅಂಟು ಹೋಯ್ತು. ಟರ್ಪೆಂಟೈನ್ ಜೊತೆ ಅರ್ಧ ಸ್ಟೇನ್ ಕೂಡ ಹೋಯ್ತು. ಈಗ ಟರ್ಪೆಂಟೈನ್ ಸ್ಟೇನ್ ಅಂತ ಗೊತ್ತಾಯ್ತು, ಧಾರವಾಡದವರೇ. ಮತ್ತೆ ಹಚ್ಚಿ ಬಾಯ್ಲ್ಡ್ ಎಣ್ಣೆ 2 ಕೋಟ್ ಆಗಿದೆ, ಮುಟ್ಟಿದರೆ ಒಣ. ಆದರೆ ಎಣ್ಣೆ ಒರೆಸುವಾಗ ಬಟ್ಟೆಗೆ ಸ್ವಲ್ಪ ಬ್ರೌನ್ ಬಂತು. ತೊಂದರೆ ಇದೆಯಾ? ಹೆಡ್‌ಸ್ಟಾಕ್ ತಿರುವಿನ ಕಲೆ ಹಾಗೇ ಇದೆ, ಅದು ಇರಲಿ ಬಿಡಿ. ಅಮ್ಮನಿಗೆ ಹೊಸ ಬಾಟಲಿ ತಂದುಕೊಟ್ಟೆ.

ಗಜ್ಜುಗ
ಆಗಸ್ಟ್ 7

ಮುಂದಿನ ಸಲ ಚಹಾ ಡಿಕಾಕ್ಷನ್ ಹಚ್ಚಿ, ಅದರ ಮೇಲೆ ವಿನೆಗರ್‌ನಲ್ಲಿ ಸ್ಟೀಲ್ ವೂಲ್ ನೆನೆಸಿದ ನೀರು ಹಚ್ಚಿ ನೋಡಿ. ಮೇಪಲ್ ಕೂಡ ಕಪ್ಪಾಗುತ್ತೆ, ಖರ್ಚು 30 ರೂಪಾಯಿ. ಅಂದಹಾಗೆ ಜಯನಗರದವರೇ, ಆ 410 ಕೊಡೋ ಯೋಚನೆ ಇದೆಯಾ?

ಟ್ಯೂಬ್‌ಆಂಪ್_ಜಯನಗರ
ಆಗಸ್ಟ್ 7

31 ಹರ್ಟ್ಜ್ ಕೇಳಲ್ಲ ಅಂದವರಿಗೆ ಕೊಡಲ್ಲ.

ಗಜ್ಜುಗ
ಆಗಸ್ಟ್ 7

62 ಸಾಕು ನನಗೆ. ರೇಟ್ ಹೇಳಿ.