ಹೊಸ ಪಿಸಿಯಲ್ಲಿ ಹಳೇ ಆರ್ಕೇಡ್ ಆಟದ ರೀಮೇಕ್ ಸಿಕ್ಕಾಪಟ್ಟೆ ಫಾಸ್ಟ್, ಎಂತ ಮಾಡುವುದು?

ಕೋಡಿಬಾಗ_ಕಡಲು: ತಲೆ ಕೆಟ್ಟು ಹೋಗಿದೆ. ಹಳೇ ಪಿಸಿಯಲ್ಲಿ ಚಂದ ಓಡುತ್ತಿತ್ತು. ಹೊಸತರಲ್ಲಿ ಕೈ ಇಡುವುದರೊಳಗೆ ಆಟ ಮುಗಿಯುತ್ತದೆ. ಡ್ರೈವರ್ ಎಲ್ಲಾ ಹಾಕಿದ್ದೇನೆ. ಕಾರವಾರದಲ್ಲಿ ಕೇಳಲು ಯಾರೂ ಸಿಗುತ್ತಿಲ್ಲ. ಅಂಕೋಲೆಯಿಂದ ಅಳಿಯ ರಜೆಗೆ ಬರುತ್ತಾನೆ, ಅಷ್ಟರೊಳಗೆ ಸರಿಯಾಗಬೇಕು.

ಶಿರಸಿ_ಸೋಲ್ಡರ್: ಯಾವ ಗೇಮು? ಮಾನಿಟರ್ ಎಷ್ಟು ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ?

ಕೋಡಿಬಾಗ_ಕಡಲು: ಏಲಿಯನ್‌ಗಳು ಸಾಲಾಗಿ ಇಳಿಯುವುದು. ಸ್ಪೇಸ್ ಇನ್ವೇಡರ್ಸ್ ರೀಮೇಕ್. ಯಾರೋ ಬರೆದ ಉಚಿತದ್ದು.

ಕುಮಟಾ_8080: ಅದು ಇರುವುದೇ ಹಾಗೆ ಮಾರಾಯ್ರೆ! 1978ರ ಟೈಟೊ ಕಂಪನಿಯ ಆಟ. ಒಳಗಿದ್ದದ್ದು ಇಂಟೆಲ್ 8080 ಪ್ರೊಸೆಸರ್. ಒಂದು ಫ್ರೇಮ್‌ಗೆ, ಅಂದರೆ ಪರದೆಯ ಒಂದು ಚಿತ್ರಕ್ಕೆ, ಒಂದೇ ಏಲಿಯನ್ ಜರುಗುತ್ತಿತ್ತು. 55 ಇದ್ದಾಗ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ಸೆಕೆಂಡ್. ಸಾಯಿಸಿದ ಹಾಗೆ ಸುತ್ತು ಬೇಗ ಮುಗಿಯುತ್ತದೆ, ವೇಗ ಏರುತ್ತದೆ.

ಕೋಡಿಬಾಗ_ಕಡಲು: 55ಕ್ಕೆ 55 ಇರುವಾಗಲೇ ಫಾಸ್ಟ್ ಅಣ್ಣಾ. ನನ್ನ ಗುಂಡೂ ಫಾಸ್ಟ್.

ಕುಮಟಾ_8080: ಹಾಗಾದರೆ ಪ್ರೊಸೆಸರ್ ಜಾಸ್ತಿ ಆಯಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಒಂದೇ ಕೋರ್ ಕೊಟ್ಟು ನೋಡಿ.

ಕೋಡಿಬಾಗ_ಕಡಲು: ಕೊಟ್ಟೆ. ಏನೂ ಬದಲಾಗಲಿಲ್ಲ.

ಕುಮಟಾ_8080: ಪವರ್ ಪ್ಲಾನ್ ಇಳಿಸಿ. ಪ್ರೊಸೆಸರೇ, ಬೇರೆ ಏನೂ ಅಲ್ಲ.

ಹೊನ್ನಾವರ_ಕ್ಯಾಬಿನೆಟ್: ಆ ವೇಗ ಏರುವುದು ಹಾರ್ಡ್‌ವೇರ್‌ನ ಕೊರತೆ ಅಷ್ಟೇ. ಆ ಆಟ ಮಾಡಿದ ನಿಶಿಕಾಡೊ ಹಾಗೇ ಬಿಟ್ಟರು.

ಕುಮಟಾ_8080: ಕೊರತೆ ಅನ್ನಬೇಡಿ. ಆಟದ ಜೀವವೇ ಅದು. ಬೇಕು ಅಂತಲೇ ಉಳಿಸಿಕೊಂಡರು.

ಹೊನ್ನಾವರ_ಕ್ಯಾಬಿನೆಟ್: ಇರಲಿ. ನಾನಂತೂ ಈ ಆಟಕ್ಕೆ ಹಲಸಿನ ಹಲಗೆಯಲ್ಲಿ ಕ್ಯಾಬಿನೆಟ್ ಮಾಡಿಸಿದ್ದೇನೆ. ಹಳೇ ಸಿಆರ್‌ಟಿ (ದಪ್ಪ ಗಾಜಿನ ಮಾನಿಟರ್) ಪಕ್ಕಕ್ಕೆ ತಿರುಗಿಸಿ ಉದ್ದಕ್ಕೆ ನಿಲ್ಲಿಸಿದ್ದೇನೆ, ಒರಿಜಿನಲ್ ಪರದೆ ನಿಂತದ್ದೇ ಅಲ್ವಾ. ಅದು ಕಪ್ಪು ಬಿಳುಪು. ಬಣ್ಣ ಬರುತ್ತಿದ್ದದ್ದು ಮೇಲೆ ಹಾಕಿದ ಬಣ್ಣದ ಹಾಳೆಯಿಂದ. ನಾನೂ ಕೆಳಗೆ ಹಸಿರು ಹಾಳೆ ಅಂಟಿಸಿದ್ದೇನೆ. ಎಷ್ಟು ಚಂದ ಕಾಣುತ್ತದೆ ಗೊತ್ತಾ!

ಶಿರಸಿ_ಸೋಲ್ಡರ್: ಮಾನಿಟರ್ ಎಷ್ಟು ಹರ್ಟ್ಜ್ ಅಂತ ಆಗಲೇ ಕೇಳಿದ್ದೆ.

ಕೋಡಿಬಾಗ_ಕಡಲು: 144. ಪಿಸಿ ಜೊತೆಗೇ ಬಂದದ್ದು. ಮಾನಿಟರಿಗೂ ವೇಗಕ್ಕೂ ಎಂತ ಸಂಬಂಧ?

ಶಿರಸಿ_ಸೋಲ್ಡರ್: ಅಲ್ಲೇ ಇದೆ ಎಲ್ಲಾ. ನಿಮ್ಮ ರೀಮೇಕ್ ಬರೆದವರು ಒಂದು ಫ್ರೇಮ್‌ಗೆ ಇಷ್ಟು ಪಿಕ್ಸೆಲ್ (ಪರದೆಯ ಚುಕ್ಕಿ) ಅಂತ ಲೆಕ್ಕ ಇಟ್ಟಿದ್ದಾರೆ. ಹಳೇ ಮಾನಿಟರ್ 60 ಇದ್ದಿರಬೇಕು. ಈಗ 144. ಅಂದರೆ 2.4 ಪಟ್ಟು ವೇಗ. ಅದಕ್ಕೇ ಗುಂಡೂ ಓಡುತ್ತಿದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಡಿಸ್‌ಪ್ಲೇ, ಅಲ್ಲಿ 60 ಆರಿಸಿ.

ಕೋಡಿಬಾಗ_ಕಡಲು: ಸರಿಯಾಯ್ತು!! ದೊಡ್ಡ ಉಪಕಾರ ಅಣ್ಣಾ. ಆದರೆ ಬೇರೆ ಆಟಗಳಿಗೆ 144 ಬೇಕು. ಪ್ರತಿ ಸಲ ಬದಲಾಯಿಸುವುದಾ?

ಶಿರಸಿ_ಸೋಲ್ಡರ್: ಬೇಡ. ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಈ ಒಂದು ಆಟಕ್ಕೆ ಮಾತ್ರ 60 ಫ್ರೇಮ್ ಮಿತಿ ಹಾಕಿ. 144ರಲ್ಲೇ ಬಿಟ್ಟರೆ ಸ್ವಲ್ಪ ಕುಲುಕುತ್ತದೆ, 60ರಿಂದ ಸಮ ಭಾಗ ಆಗುವುದಿಲ್ಲ. ಮಾನಿಟರನ್ನು 120ಕ್ಕೆ ಇಡಿ, ಪ್ರತಿ ಫ್ರೇಮ್ ಸರಿಯಾಗಿ ಎರಡು ಸಲ ಬರುತ್ತದೆ. ಬರೆದವರಿಗೂ ತಿಳಿಸಿ. ಫ್ರೇಮ್ ಎಣಿಸುವ ಬದಲು ಕಳೆದ ಸಮಯದ ಲೆಕ್ಕದಲ್ಲಿ ಜರುಗಿಸಿದರೆ ಎಲ್ಲಾ ಮಾನಿಟರಿಗೂ ಒಂದೇ ವೇಗ.

ಕುಮಟಾ_8080: ಫ್ರೇಮ್ ಲೆಕ್ಕ ಅಂತ ನಾನೂ ಮೊದಲೇ ಬರೆದಿದ್ದೆ.

ಕೋಡಿಬಾಗ_ಕಡಲು: 120 ಮತ್ತು ಮಿತಿ 60, ಚೆನ್ನಾಗಿ ಓಡುತ್ತಿದೆ. ಹೊನ್ನಾವರದವರೇ, ಮಳೆಗಾಲದಲ್ಲಿ ನಿಮ್ಮ ಬಟನ್ ಸ್ವಿಚ್ ತುಕ್ಕು ಹಿಡಿಯುವುದಿಲ್ವಾ? ನನ್ನ ಜಾಯ್‌ಸ್ಟಿಕ್ ಎಡಕ್ಕೆ ಹೋಗುವುದನ್ನೇ ಬಿಟ್ಟಿದೆ.

ಹೊನ್ನಾವರ_ಕ್ಯಾಬಿನೆಟ್: ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಫೋಟೋ ಸಮೇತ ಹಾಕುತ್ತೇನೆ.