ಕರೆಂಟ್ ಇಲ್ಲ, ನೆಟ್ ಇಲ್ಲ, ಆದ್ರೂ ಸ್ಕೂಲಿಗೆ ಸ್ಮಾರ್ಟ್ ಟಿವಿ ತಗೊಳ್ಳೋದಾ?

ಭಾಗಮಂಡಲ ಟೀಚರ್:
ಎಲ್ರಿಗೂ ನಮಸ್ಕಾರ. ಕೊಡಗಿನ ಭಾಗಮಂಡಲ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಲಿ ಇದೀನಿ, 1ರಿಂದ 7ನೇ ಕ್ಲಾಸ್‌ವರೆಗೆ 31 ಮಕ್ಳು, ನಾವು ಟೀಚರ್ಸ್ ಇಬ್ರೇ. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ 80 ಸಾವಿರ ಕೊಡ್ತೀವಿ ದೊಡ್ಡ ಸ್ಮಾರ್ಟ್ ಟಿವಿ ಹಾಕ್ಸಿ ಮಿಸ್ ಅಂತಿದಾರೆ. ಪ್ರೀತಿಯಿಂದ ಕೊಡ್ತಿದಾರೆ, ಬೇಡ ಅನ್ನೋಕೆ ಮನ್ಸು ಬರಲ್ಲ. ಆದ್ರೆ ಜೂನ್ ಶುರುವಾದ್ರೆ ಲೈನ್ ಮೇಲೆ ಮರ ಬಿದ್ದು ಮೂರ್ ದಿನ ನಾಲ್ಕ್ ದಿನ ಕರೆಂಟ್ ಇರಲ್ಲ, ಟವರ್ ಬ್ಯಾಟರಿ ಖಾಲಿಯಾದ್ಮೇಲೆ ಫೋನಲ್ಲಿ ಒಂದ್ ಕಡ್ಡಿನೂ ಬರಲ್ಲ. 2020ರಲ್ಲಿ ಕೊರೋನಾ ಟೈಮಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ನಮ್ ಹುಡುಗ್ರು ಕೊಡೆ ಹಿಡ್ಕೊಂಡು ಗುಡ್ಡ ಹತ್ತಿ ಸಿಗ್ನಲ್ ಹುಡುಕ್ತಿದ್ದದ್ದು ಇನ್ನೂ ಕಣ್ಮುಂದೆ ಇದೆ. ಅದೂ ಅಲ್ದೆ ಅರ್ಧ ಮಕ್ಳು ಕಾಫಿ ತೋಟದ ಕೆಲಸದವ್ರ ಲೈನ್‌ಮನೆಯವ್ರು, ಮನೇಲಿ ಇಲ್ಲಿನ ಎರವ ಬುಡಕಟ್ಟಿನ ಭಾಷೆ ಆಡೋರು, ಅಸ್ಸಾಮಿಂದ ಬಂದೋರು, ಕನ್ನಡ ಸ್ಕೂಲಿಗೆ ಬಂದ್ಮೇಲೇ ಕಲೀಬೇಕು. ಇನ್ನು 5ನೇ ಕ್ಲಾಸಿಗೆ ದಶಮಾಂಶ ಎಷ್ಟ್ ಹೇಳಿದ್ರೂ ತಲೆಗೆ ಹತ್ತುತ್ತಿಲ್ಲ. ಈ ದುಡ್ಡಲ್ಲಿ ಏನ್ ತಗೊಂಡ್ರೆ ಮಕ್ಳಿಗೆ ನಿಜವಾಗ್ಲೂ ಉಪಯೋಗ ಆಗುತ್ತೆ?

ವಿಜ್ಞಾನ ಮೇಷ್ಟ್ರು, ಸೋಮವಾರಪೇಟೆ:
ಮೇಡಂ, ದುಡ್ಡೆಲ್ಲ ಟಿವಿಗೇ ಸುರೀಬೇಡಿ. ನಮ್ ಸ್ಕೂಲಿಗೆ ಹಿಂದೆ ಒಳ್ಳೆ ಪ್ರೊಜೆಕ್ಟರ್ ಬಂದಿತ್ತು, ಎರಡೇ ಮಳೆಗಾಲಕ್ಕೆ ಲೆನ್ಸ್ ಒಳಗೆಲ್ಲ ಬೂಸ್ಟು ಹಿಡೀತು, ರಿಪೇರಿ ಮಾಡೋರು ಸಿಗ್ಲಿಲ್ಲ, ಈಗ್ಲೂ ಬೀರುಲಿ ಇದೆ. ಅದನ್ನ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಎರಡು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಒಂದು ಇನ್ವರ್ಟರ್ ಸಾಕು. ನೆಟ್ ಇರೋ ಕಡೆ ಹೋದಾಗ ಎಲ್ಲಾ ಡೌನ್‌ಲೋಡ್ ಮಾಡ್ಕೊಂಡ್ ಬನ್ನಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಆ್ಯಪಲ್ಲಿ ಪಾಠ ಬರುತ್ತಲ್ಲ, ಅದನ್ನೂ ಫೋನಲ್ಲೇ ಇಳಿಸ್ಕೊಂಡು ಇಟ್ಕೋಬೋದು. ನಾನು ಜಾಸ್ತಿ ಬಳಸೋದು ಫೆಟ್ (PhET), ಸ್ಕ್ರೀನಲ್ಲೇ ಪ್ರಯೋಗ ಮಾಡಿ ನೋಡೋ ಸಿಮ್ಯುಲೇಷನ್‌ಗಳು, ಅಮೆರಿಕದ ಕೊಲೊರಾಡೊ ಯೂನಿವರ್ಸಿಟಿದು, ನೊಬೆಲ್ ಬಂದಿರೋ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಫ್ರೀ, ಕೆಲವು ಕನ್ನಡದಲ್ಲೂ ಇವೆ, ಒಂದ್ಸಲ ಇಳಿಸ್ಕೊಂಡ್ರೆ ನೆಟ್ ಬೇಡ.

ಒಂದ್ ಮಾತು ಮಾತ್ರ ಹೇಳ್ತೀನಿ, ತೋರ್ಸೋಕ್ ಮುಂಚೆ ಕೇಳ್ಬೇಕು. ಸರ್ಕ್ಯೂಟ್ ಪಾಠದಲ್ಲಿ ಒಂದೇ ಲೈನಲ್ಲಿ ಒಂದರ ಹಿಂದೆ ಒಂದು ಒಂದೇ ಥರದ ಎರಡ್ ಬಲ್ಬ್ ಹಾಕಿದ್ರೆ ಯಾವ್ದು ಜಾಸ್ತಿ ಉರಿಯುತ್ತೆ ಅಂತ ಕೈ ಎತ್ತಿಸ್ದೆ, ಸುಮಾರ್ ಎಲ್ರೂ ಮೊದಲ್ನೇದು ಸಾರ್, ಕರೆಂಟ್ ಅಲ್ಲೇ ಖರ್ಚಾಗುತ್ತೆ ಅಂದ್ರು. ಆಮೇಲೆ ಸ್ಕ್ರೀನಲ್ಲಿ ಎರಡೂ ಒಂದೇ ಥರ ಉರೀತು, ಎಲೆಕ್ಟ್ರಾನ್ ಎರಡರಲ್ಲೂ ಒಂದೇ ಸ್ಪೀಡಲ್ಲಿ ಹೋಗ್ತಿತ್ತು, ಕ್ಲಾಸ್ ಗಲಾಟೆ ಆಯ್ತು ನೋಡಿ, ನಿಜವಾದ ಬಲ್ಬ್ ಸೆಲ್ ತಂದು ಮಾಡಿ ನೋಡೋವರ್ಗೂ ಬಿಡ್ಲಿಲ್ಲ. ಸುಮ್ನೆ ವಿಡಿಯೋ ಹಾಕಿ ಕೂರ್ಸಿದ್ರೆ ಇದು ಆಗ್ತಿರ್ಲಿಲ್ಲ.

ಕುಶಾಲನಗರದಿಂದ:
ಅಕ್ಕ, ನಾನು ಕಂಪ್ಯೂಟರ್ ಕೆಲಸ ಮಾಡೋನು, ನನ್ ಮಗ್ಳು ಸರ್ಕಾರಿ ಸ್ಕೂಲಲ್ಲೇ ಓದ್ತಿರೋದು. ಕೋಲಿಬ್ರಿ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ನೆಟ್ ಇಲ್ಲದ ಸ್ಕೂಲಿಗೇ ಅಂತ ಮಾಡಿರೋದು. ಒಂದು ಲ್ಯಾಪ್‌ಟಾಪಲ್ಲೋ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರಲ್ಲೋ ಹಾಕಿ ವೈಫೈ ಆನ್ ಮಾಡಿದ್ರೆ ಮಕ್ಳ ಹತ್ರ ಇರೋ ಹಳೇ ಫೋನ್, ಟ್ಯಾಬ್ ಎಲ್ಲಾ ಅದಕ್ಕೇ ಕನೆಕ್ಟ್ ಆಗುತ್ತೆ, ಹೊರಗಿನ ಇಂಟರ್ನೆಟ್ ಬೇಡ್ವೇ ಬೇಡ. ಪೈ ಒಳ್ಳೆ ಪವರ್ ಬ್ಯಾಂಕಲ್ಲೂ ಓಡುತ್ತೆ. ಕಿವಿಕ್ಸ್ ಅನ್ನೋ ಇನ್ನೊಂದು ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಕನ್ನಡ ವಿಕಿಪೀಡಿಯನೂ ಒಳಗೇ ಕೂರುತ್ತೆ. ಮಳೆಗಾಲದಲ್ಲಿ ಸಾಮಾನೆಲ್ಲ ಬೀರುಲಿ ಬಿಸಿಯಾಗೋ ಹಳೇ ಥರದ ಝೀರೋ ಬಲ್ಬ್ ಹಚ್ಚಿಟ್ಟು ಇಡಿ, ಕರೆಂಟ್ ಇಲ್ಲದಾಗ ಗಾಳಿ ಆಡದ ಡಬ್ಬಿಗೆ ತೇವ ಹೀರೋ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ಹಾಕೋಕೆ ಗೊತ್ತಾಗ್ಲಿಲ್ಲ ಅಂದ್ರೆ ಹೇಳಿ, ಒಂದ್ ಭಾನುವಾರ ಬಂದು ಮಾಡಿಕೊಡ್ತೀನಿ.

ಲೈನ್‌ಮನೆ ಮಕ್ಳ ಟೀಚರ್, ಸಿದ್ದಾಪುರ:
ಭಾಷೆ ವಿಷ್ಯ ಕೇಳಿದ್ರಲ್ಲ, ನಂಗೂ ಅದೇ ಕಷ್ಟ ಇತ್ತು. ಪ್ರಥಮ್ ಬುಕ್ಸ್‌ನವ್ರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ಮಕ್ಳ ಕಥೆಗಳ ವೆಬ್‌ಸೈಟ್ ನೋಡಿ, ಒಂದೇ ಕಥೆ ಕನ್ನಡದಲ್ಲೂ ಅಸ್ಸಾಮಿಯಲ್ಲೂ ಸಿಗುತ್ತೆ, ಇಳಿಸ್ಕೊಂಡು ಪ್ರಿಂಟೂ ಹಾಕ್ಬೋದು. ನಮ್ಮಲ್ಲಿ ಒಂದ್ ಹುಡುಗಿ ಎರಡ್ ತಿಂಗ್ಳು ಬಾಯೇ ಬಿಟ್ಟಿರ್ಲಿಲ್ಲ, ಅಸ್ಸಾಮಿ ಕಥೆ ಸ್ಕ್ರೀನಲ್ಲಿ ಇಟ್ಟು ಅವ್ಳ ಅಮ್ಮನ ಹತ್ರ ಓದ್ಸಿ ಫೋನಲ್ಲಿ ರೆಕಾರ್ಡ್ ಮಾಡ್ದೆ, ಮಾರ್ನೇ ದಿನ ಕ್ಲಾಸಲ್ಲಿ ಅಮ್ಮನ ದನಿ ಕೇಳಿ ಎದ್ದು ಬಂದು ಚಿತ್ರದ್ ಮೇಲೆ ಬೆರಳಿಟ್ಟು ಒಂದೊಂದೇ ಹೇಳೋಕ್ ಶುರು ಮಾಡಿದ್ಲು. ನಾನು ಕನ್ನಡ ಪದ ಹೇಳ್ದೆ, ಅವ್ಳು ಅವಳದ್ದು ಹೇಳಿದ್ಲು. ಎರವ ಮಕ್ಳ ಅಜ್ಜಿಯಂದ್ರ ಕಥೆನೂ ಈಗ ಹಂಗೇ ರೆಕಾರ್ಡ್ ಮಾಡಿ ಇಟ್ಕೊಂಡಿದೀವಿ. ಇದಕ್ಕೆ ನಿಮ್ ಫೋನ್ ಸಾಕು, ದುಡ್ಡು ಖರ್ಚಿಲ್ಲ.

ತೋಟದವ್ನು, ನಾಪೋಕ್ಲು:
ಟೀಚರ್, ನಾನು ಮೇಷ್ಟ್ರಲ್ಲ ಆದ್ರೂ ದಶಮಾಂಶಕ್ಕೆ ಒಂದ್ ಮಾತು. ನಮ್ ಕಡೆ ಮಳೆ ಇಂಚು ಸೆಂಟಲ್ಲೇ ಅಲ್ವಾ ಲೆಕ್ಕ, 100 ಸೆಂಟಿಗೆ ಒಂದು ಇಂಚು. ಪಕ್ಕದ ಯಾವ್ದಾದ್ರೂ ತೋಟದ, ದಿನಾ ಮಳೆ ಬರೆದಿಡೋ ಪುಸ್ತಕ ಕೇಳಿ ತಗೊಂಡು ಮಕ್ಳ ಹತ್ರ ಲ್ಯಾಪ್‌ಟಾಪಲ್ಲಿ ಎಂಟ್ರಿ ಮಾಡ್ಸಿ, ಲಿಬ್ರೆ ಆಫೀಸ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಗ್ರಾಫ್ ಬರುತ್ತೆ. ನಮ್ಮನೆ ಪುಸ್ತಕದಲ್ಲಿ ಗುಡ್ಡ ಕುಸಿದ 2018ರ ಆಗಸ್ಟ್ ಪುಟ ಇದೆ, ಬೇಕಾದ್ರೆ ಫೋಟೋ ಕಳಿಸ್ತೀನಿ. ಆ ತಿಂಗಳ ಗೆರೆ ಮೇಲಕ್ಕೆ ಹೋಗೋದನ್ನ ಮಕ್ಳು ಅವ್ರೇ ನೋಡ್ಲಿ.

ಭಾಗಮಂಡಲ ಟೀಚರ್:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಲೇಟಾಗಿ ಬರೀತಿದೀನಿ, ಇಲ್ಲಿ ನೆಟ್ ಇರ್ಲಿಲ್ಲ. ಹಳೇ ವಿದ್ಯಾರ್ಥಿಗಳ ಹತ್ರ ಮಾತಾಡ್ದೆ, ಲ್ಯಾಪ್‌ಟಾಪ್ ಎರಡು, ಇನ್ವರ್ಟರ್ ಒಂದು ಅಂತ ಒಪ್ಪಿದ್ರು, ಉಳಿದ ದುಡ್ಡು ಬ್ಯಾಟರಿ ಹೋದಾಗ ಬೇಕಾಗುತ್ತೆ ಅಂತ ತೆಗ್ದಿಟ್ಟಿದೀವಿ. ಕುಶಾಲನಗರದ ಅಣ್ಣ, ನಿಮ್ಗೆ ಮೆಸೇಜ್ ಮಾಡಿದೀನಿ, ಭಾನುವಾರ ಯಾವಾಗ ಆಗುತ್ತೆ ಹೇಳಿ.

ಲ್ಯಾಪ್‌ಟಾಪ್ ಇನ್ನೂ ಬಂದಿಲ್ಲ, ಮಳೆ ಪುಸ್ತಕ ಮಾತ್ರ ಶುರು ಮಾಡ್ಬಿಟ್ವಿ, ಪಕ್ಕದ ತೋಟದವ್ರು ಹಳೇ ಮಳೆಮಾಪಕ ಒಂದನ್ನ ಸ್ಕೂಲಿಗೇ ಕೊಟ್ರು. ನಿನ್ನೆ ಬೆಳಿಗ್ಗೆ 3 ಇಂಚು 5 ಸೆಂಟ್ ಇತ್ತು. ಬೋರ್ಡ್ ಮೇಲೆ ಒಬ್ಬ 3.5 ಅಂತ ಬರೆದ. ಹಿಂದಿನ ಬೆಂಚಿನ ಹುಡುಗಿ, ಗಣಿತದಲ್ಲಿ ಯಾವತ್ತೂ ಮಾತಾಡದೋಳು, ಎದ್ದು ನಿಂತು "ಇಲ್ಲ ಮಿಸ್, ಹಂಗ್ ಬರೆದ್ರೆ 50 ಸೆಂಟ್ ಆಗುತ್ತೆ, ಅಷ್ಟ್ ಮಳೆ ಬಂದಿಲ್ಲ" ಅಂದ್ಲು. ಬಂದು ಒರೆಸಿ 3.05 ಅಂತ ಬರೆದ್ಲು.